ಕ್ರೀಡಾ ನಿರ್ದೇಶಕರ ನಿವೃತ್ತಿಯೂ ಉತ್ತರಾಧಿಕಾರಿಯ ಆಯ್ಕೆಯೂ
(ಸಂಘದ ವಾರ್ಷಿಕೋತ್ಸವದ ಬಹುಮಾನ ವಿತರಣ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ವಾರ್ಷಿಕೋತ್ಸವವೆಂದರೆ ನಾಡು, ನುಡಿ, ಗಡಿ ಇವುಗಳನ್ನು ಕುರಿತ ಭಾಷಣಗಳು ಆಗುವುದು ವಾಡಿಕೆ. ಇಂದಿನ ಸಭೆಯಾದರೋ ಆಟೋಟಗಳಲ್ಲಿ ಗೆದ್ದ ಮಕ್ಕಳಿಗೆ ಬಹುಮಾನ ಹಂಚುವ ಸಭೆ. ಆದುದರಿಂದ ಕ್ರೀಡೆಗೆ ಸಂಬಂಧಪಟ್ಟ ಒಂದು ವಿಷಯವನ್ನೇ ಆರಿಸಿಕೊಳ್ಳುವುದು ಉಚಿತವೆಂದು ನಮಗೆ ತೋರಿತು. ಗೆದ್ದವರ ಕೊರಳಿಗೆ ಪದಕ ಬೀಳುವುದನ್ನು ನಾವೆಲ್ಲರೂ ಕಣ್ಣಾರೆ ಕಾಣುತ್ತೇವೆ. ಅದರ ಹಿಂದೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಸಿದವರು, ಚೆಂಡಿಗೆ ಹಣ ಹೊಂದಿಸಿದವರು, ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಕರೆತಂದವರು ಇರುತ್ತಾರೆ. ಅವರು ನಮ್ಮ ಕಣ್ಣಿಗೆ ಬೀಳುವುದು ಅಪರೂಪ; ಅವರು ನಿವೃತ್ತರಾದ ದಿನವೇ ಅವರ ಬೆಲೆ ನಮಗೆ ತಿಳಿಯುವುದು. ಅಂತಹ ಒಬ್ಬರು ಪೀಠ ಬಿಟ್ಟು ಎದ್ದಾಗ ಆ ಪೀಠದಲ್ಲಿ ಯಾರನ್ನು ಕೂರಿಸಬೇಕು, ಅವರನ್ನು ಹೇಗೆ ಹುಡುಕಬೇಕು ಎಂಬುದೇ ಇಂದಿನ ವಿಷಯ.

ಇದಕ್ಕೆ ಉದಾಹರಣೆಯಾಗಿ ನಾವು ಬಹು ದೂರದ ಒಂದು ವಿಶ್ವವಿದ್ಯಾಲಯವನ್ನು ತೆಗೆದುಕೊಂಡಿದ್ದೇವೆ. ಅಮೆರಿಕ ಸಂಯುಕ್ತ ಸಂಸ್ಥಾನದ ಮಿಶಿಗನ್ ರಾಜ್ಯದ ಆ್ಯನ್ ಆರ್ಬರ್ ಎಂಬ ಊರಿನಲ್ಲಿರುವ ಮಿಶಿಗನ್ ವಿಶ್ವವಿದ್ಯಾಲಯ ಅದು. ಇಷ್ಟು ದೂರ ಹೋಗುವುದೇಕೆ ಎಂದು ಕೇಳುವವರಿಗೆ ಎರಡು ಕಾರಣಗಳನ್ನು ಅರಿಕೆ ಮಾಡುತ್ತೇವೆ. ಒಂದನೆಯದಾಗಿ, ಕ್ರೀಡಾ ನಿರ್ದೇಶಕನೆಂಬ ಅಧಿಕಾರಿ ಅಲ್ಲಿ ಬೆಳೆದಷ್ಟು ಬೇರೆಲ್ಲಿಯೂ ಬೆಳೆದಿಲ್ಲ. ಎರಡನೆಯದಾಗಿ, ಆ ಒಂದೇ ವಿಶ್ವವಿದ್ಯಾಲಯದಲ್ಲಿ ಒಳಗಿನವನನ್ನು ಆರಿಸುವುದು, ಹೊರಗಿನವನನ್ನು ಕರೆತರುವುದು, ವ್ಯಾಪಾರಿಯನ್ನು ಕೂರಿಸುವುದು, ಆಟಗಾರನನ್ನು ಕೂರಿಸುವುದು ಎಂಬ ಎಲ್ಲ ಪ್ರಯೋಗಗಳೂ ನಡೆದುಹೋಗಿವೆ. ಫಲಿತಾಂಶಗಳೂ ನಮ್ಮೆದುರಿಗಿವೆ. ನಮ್ಮ ಮನೆಯ ಮಾತನ್ನು ನೇರವಾಗಿ ಎತ್ತಿದರೆ ಮನಸ್ಸುಗಳು ಕೆರಳುತ್ತವೆ. ನೆರೆಮನೆಯ ಕತೆಯಿಂದ ಬುದ್ಧಿ ಕಲಿಯುವುದು ಸುಲಭ.

ಮೊದಲು ಆ ಹುದ್ದೆಯ ಸ್ವರೂಪವನ್ನು ತಿಳಿಯುವುದು ಅವಶ್ಯ. ನಮ್ಮ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರೆಂದರೆ ಮೈದಾನದಲ್ಲಿ ಸೀಟಿ ಹಿಡಿದು ನಿಂತು, ತಂಡಗಳನ್ನು ಆರಿಸಿ, ಪಂದ್ಯಗಳಿಗೆ ಕರೆದೊಯ್ಯುವವರು. ಈ ಪರಂಪರೆಗೂ ಅಮೆರಿಕಕ್ಕೂ ನಂಟಿಲ್ಲದೆ ಇಲ್ಲ. 1920ರಲ್ಲಿ ಮದರಾಸಿನಲ್ಲಿ ವೈ. ಎಂ. ಸಿ. ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದ ಹ್ಯಾರಿ ಕ್ರೋ ಬಕ್ ಅವರು ಅಮೆರಿಕದವರೇ. ದಕ್ಷಿಣ ಭಾರತದ ಎಷ್ಟೋ ಶಾಲೆ ಕಾಲೇಜುಗಳ ವ್ಯಾಯಾಮ ಶಿಕ್ಷಕರು ಅಲ್ಲಿ ಕಲಿತು ಬಂದವರು. ಆದರೆ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕನು ಸೀಟಿ ಹಿಡಿಯುವವನಲ್ಲ. ಗಂಡಸರದೂ ಹೆಂಗಸರದೂ ಸೇರಿ ಇಪ್ಪತ್ತೈದಕ್ಕೂ ಮಿಕ್ಕಿದ ತಂಡಗಳಿಗೆ ಅವನು ಯಜಮಾನ. ತರಬೇತುದಾರರನ್ನು ನೇಮಿಸುವವನೂ ತೆಗೆಯುವವನೂ ಅವನೇ. ಕ್ರೀಡಾಂಗಣ ಕಟ್ಟಿಸುವುದು, ಟಿಕೇಟಿನ ದರ ಕಟ್ಟುವುದು, ದಾನಿಗಳ ಮನೆಬಾಗಿಲು ಕಾಯುವುದು, ದೂರದರ್ಶನದವರೊಡನೆ ಕರಾರು ಮಾಡುವುದು, ಆಡುವ ಹುಡುಗರು ಪಾಠವನ್ನೂ ಓದುತ್ತಿದ್ದಾರೆಯೆ ಎಂದು ನೋಡುವುದು ಎಲ್ಲವೂ ಅವನ ಹೊಣೆ. ಅಲ್ಲಿನ ಫುಟ್ಬಾಲ್ ಆಟ ನಮ್ಮ ಕಾಲ್ಚೆಂಡಾಟವಲ್ಲ; ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಒರಟಾದ ಆಟ. ಆ ಒಂದು ಆಟದ ಗಳಿಕೆಯಿಂದಲೇ ಈಜು, ಕುಸ್ತಿ, ಓಟ ಮೊದಲಾದ ಇತರ ಆಟಗಳು ಬಹುಮಟ್ಟಿಗೆ ಬದುಕುತ್ತವೆ. ಆದ್ದರಿಂದ ನಿರ್ದೇಶಕನ ಒಂದು ಕಣ್ಣು ವಿದ್ಯೆಯ ಮೇಲೂ ಇನ್ನೊಂದು ಕಣ್ಣು ಹಣದ ಪೆಟ್ಟಿಗೆಯ ಮೇಲೂ ಇರಬೇಕಾಗುತ್ತದೆ. ಯಾವ ಕಣ್ಣು ಮುಚ್ಚಿದರೂ ಅಪಾಯವೇ.

ಇನ್ನು ಆ ಪೀಠದ ಚರಿತ್ರೆ. ಮಿಶಿಗನ್ನಿನಲ್ಲಿ ಮೊದಲ ಕ್ರೀಡಾ ನಿರ್ದೇಶಕರಾಗಿ ಚಾರ್ಲ್ಸ್ ಬೇರ್ಡ್ ಎಂಬವರು ನೇಮಕವಾದುದು 1898ರಲ್ಲಿ. 1921ರಲ್ಲಿ ಫೀಲ್ಡಿಂಗ್ ಯೋಸ್ಟ್ ಎಂಬ ಪ್ರಸಿದ್ಧ ತರಬೇತುದಾರರು ಆ ಪೀಠಕ್ಕೆ ಬಂದು ಸುಮಾರು ಇಪ್ಪತ್ತು ವರ್ಷ ಕುಳಿತರು. ಅವರ ನಂತರ 1941ರಲ್ಲಿ ಫ್ರಿಟ್ಜ್ ಕ್ರೈಸ್ಲರ್ ಬಂದರು. 1968ರಲ್ಲಿ ಡಾನ್ ಕ್ಯಾನಮ್ ಬಂದು 1988ರವರೆಗೆ ಇದ್ದರು. ಎಂದರೆ 67 ವರ್ಷಗಳಲ್ಲಿ ಮೂವರೇ ನಿರ್ದೇಶಕರು! ಆಮೇಲಿನ ಲೆಕ್ಕವನ್ನು ನೋಡಿರಿ. 1988ರಿಂದ 2016ರವರೆಗಿನ 28 ವರ್ಷಗಳಲ್ಲಿ, ತಾತ್ಕಾಲಿಕವಾಗಿ ಬಂದ ಒಬ್ಬರನ್ನೂ ಸೇರಿಸಿ, ಏಳು ಮಂದಿ ಆ ಪೀಠದಲ್ಲಿ ಕುಳಿತು ಎದ್ದರು. ಊರು ಅದೇ, ವಿಶ್ವವಿದ್ಯಾಲಯ ಅದೇ, ಕ್ರೀಡಾಂಗಣ ಅದೇ. ಹಾಗಿದ್ದೂ ಪೀಠ ಏಕೆ ಸ್ಥಿರವಾಗಿ ನಿಲ್ಲಲಿಲ್ಲ? ಈ ಪ್ರಶ್ನೆಯೇ ನಮ್ಮನ್ನು ಈ ವಿಷಯದ ಕಡೆಗೆ ಸೆಳೆದುದು.

ಮೊದಲ ಮೂವರ ಕಾಲವನ್ನು ಸ್ವಲ್ಪ ನೋಡೋಣ. ಯೋಸ್ಟ್ ಅವರು 1927ರಲ್ಲಿ ಕಟ್ಟಿಸಿದ ಕ್ರೀಡಾಂಗಣ ಇಂದಿಗೂ ನಿಂತಿದೆ. ಸರಕಾರದ ಬೊಕ್ಕಸಕ್ಕೆ ಕೈ ಹಾಕದೆ, 500 ಡಾಲರುಗಳ 3,000 ಸಾಲಪತ್ರಗಳನ್ನು ಜನರಿಗೆ ಮಾರಿ ಅದಕ್ಕೆ ಹಣ ಕೂಡಿಸಿದರು. ಆಗ ಸುಮಾರು 72,000 ಜನ ಕೂರುವಷ್ಟು ಕಟ್ಟಿದರೂ, ಮುಂದೆ ಒಂದು ಲಕ್ಷ ಜನ ಕೂರುವಂತೆ ವಿಸ್ತರಿಸಲು ತಕ್ಕ ತಳಹದಿಯನ್ನು ಹಾಕಿಸಿದರು. ತಾನು ಕಾಣದ ಪ್ರೇಕ್ಷಕರಿಗಾಗಿ ಅಡಿಪಾಯ ಹಾಕಿದ ದೂರದೃಷ್ಟಿ ಅದು. ಅದರ ಮರುವರ್ಷ, 1928ರಲ್ಲಿ, ತಂಡಗಳಲ್ಲಿ ಆಡದ ಸಾಮಾನ್ಯ ವಿದ್ಯಾರ್ಥಿಗಳ ಆಟಕ್ಕೆಂದೇ ಒಂದು ಕಟ್ಟಡವನ್ನು ಕಟ್ಟಿಸಿದರು. ಕ್ರೀಡೆ ಇರುವುದು ಹನ್ನೊಂದು ಜನರಿಗಲ್ಲ, ಎಲ್ಲ ವಿದ್ಯಾರ್ಥಿಗಳಿಗಾಗಿ ಎಂಬ ತತ್ತ್ವ ಅದರಲ್ಲಿತ್ತು.

ಹಾಗೆಂದು ದೀರ್ಘಕಾಲದ ಅಧಿಕಾರವೆಲ್ಲ ಚಿನ್ನವೆಂದು ನಾವು ಹೇಳುವುದಿಲ್ಲ. 1934ರ ಅಕ್ಟೋಬರಿನಲ್ಲಿ ದಕ್ಷಿಣದ ಜಾರ್ಜಿಯಾ ಟೆಕ್ ತಂಡ ಆ್ಯನ್ ಆರ್ಬರಿಗೆ ಆಡಲು ಬಂದಾಗ, ಕರಿಯ ಆಟಗಾರನೊಡನೆ ಮೈದಾನಕ್ಕಿಳಿಯಲು ಅವರು ಒಪ್ಪಲಿಲ್ಲ. ಯೋಸ್ಟರ ಆಡಳಿತ ಅವರ ಮಾತಿಗೆ ಮಣಿದು ವಿಲಿಸ್ ವಾರ್ಡ್ ಎಂಬ ತನ್ನ ಶ್ರೇಷ್ಠ ಆಟಗಾರನನ್ನು ಆ ಪಂದ್ಯದಿಂದ ಹೊರಗಿಟ್ಟಿತು. ಆ ತಂಡದಲ್ಲಿ ಆತನ ಗೆಳೆಯನಾಗಿದ್ದು, ಈ ಅನ್ಯಾಯಕ್ಕೆ ಮನನೊಂದ ಜೆರಾಲ್ಡ್ ಫೋರ್ಡ್ ಎಂಬ ಯುವಕನೇ ಮುಂದೆ 1974ರಲ್ಲಿ ಅಮೆರಿಕದ ಅಧ್ಯಕ್ಷನಾದುದು. ಇಪ್ಪತ್ತು ವರ್ಷ ಒಬ್ಬನೇ ಕುಳಿತ ಪೀಠದಲ್ಲಿ ಆ ಒಬ್ಬನ ಗುಣವೂ ದೋಷವೂ ಸಂಸ್ಥೆಯದೇ ಆಗಿಬಿಡುತ್ತದೆ.

ಯೋಸ್ಟರಿಂದ ಕ್ರೈಸ್ಲರಿಗೆ ಪೀಠ ಸಾಗಿಬಂದ ರೀತಿಯನ್ನು ನಾವು ಗಮನಿಸತಕ್ಕದ್ದು. ಕ್ರೈಸ್ಲರರನ್ನು 1938ರಲ್ಲಿಯೇ ಪ್ರಿನ್ಸ್‌ಟನ್ನಿನಿಂದ ತರಬೇತುದಾರರಾಗಿ ಕರೆಸಿಕೊಂಡಿದ್ದರು. ಹಿರಿಯರು ಪೀಠದಲ್ಲಿರುವಾಗಲೇ ಕಿರಿಯರು ಮೂರು ವರ್ಷ ಆ ಮನೆಯ ಅನ್ನ ಉಂಡು, ಆ ಮನೆಯ ಕಷ್ಟಸುಖಗಳನ್ನು ಅರಿತು, ಆಮೇಲೆ ಯಜಮಾನಿಕೆಗೆ ಬಂದರು. ಆಳಾಗಬಲ್ಲವನು ಅರಸಾಗಬಲ್ಲ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. 1956ರಲ್ಲಿ ಕ್ರೀಡಾಂಗಣವನ್ನು 1,01,001 ಜನರಿಗೆ ವಿಸ್ತರಿಸಿದಾಗ, ಕೊನೆಯ ಆ ಒಂದು ಆಸನ ಕ್ರೈಸ್ಲರರ ಗೌರವಕ್ಕೆಂದು ಊರವರು ಹೇಳಿಕೊಂಡರು. ಅದು ಎಲ್ಲಿದೆಯೆಂದು ಯಾರಿಗೂ ತಿಳಿಯದಂತೆ! ಹಿಂದಿನವರು ಅಡಿಪಾಯ ಹಾಕಿದರು. ಮುಂದಿನವರು ಅದರ ಮೇಲೆ ಕಟ್ಟಿದರು. ಉತ್ತರಾಧಿಕಾರವೆಂದರೆ ಇದೇ ಅಲ್ಲವೆ?

ಮೂರನೆಯವರಾದ ಕ್ಯಾನಮ್ ಅವರು ಮಿಶಿಗನ್ನಿನಲ್ಲಿಯೇ ಓದಿ, ಎತ್ತರ ಜಿಗಿತದಲ್ಲಿ ಹೆಸರು ಗಳಿಸಿ, ಅಲ್ಲಿಯೇ ಓಟಗಾರರ ತರಬೇತುದಾರರಾಗಿದ್ದವರು. ಬದಿಗೆ ವ್ಯಾಪಾರವನ್ನೂ ಬಲ್ಲವರು. ಅವರು ಬಂದಾಗ ಒಂದು ಲಕ್ಷ ಆಸನಗಳ ಕ್ರೀಡಾಂಗಣದಲ್ಲಿ ಖಾಲಿ ಜಾಗವೇ ಬಹಳ ಕಾಣುತ್ತಿತ್ತು. ಮನೆಮನೆಗೆ ಕಾಗದ ಬರೆಸಿ, ಹೆಂಗಸರು ಮಕ್ಕಳೆಲ್ಲರೂ ಬಂದು ನೋಡುವ ಹಬ್ಬವೆಂಬಂತೆ ಪಂದ್ಯಗಳನ್ನು ಅವರು ಪ್ರಚಾರ ಮಾಡಿಸಿದರು. 1975ರ ನವೆಂಬರಿನಿಂದ ಮೊದಲುಗೊಂಡು ದಶಕಗಳ ಕಾಲ ಅಲ್ಲಿ ಲಕ್ಷಕ್ಕೆ ಕಡಮೆ ಜನ ಸೇರಿದ ಪಂದ್ಯವೇ ಇರಲಿಲ್ಲ. ಆದರೆ ಹೆಂಗಸರ ಕ್ರೀಡೆಗೆ ಸಮಪಾಲು ಕೊಡಬೇಕಾಗಿ ಬಂದಾಗ ಅವರು ಹಿಂಜರಿದರು. 1972ರಲ್ಲಿ ಅಮೆರಿಕದ ಶಾಸನಸಭೆ, ಸರಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆಂದು ಕಾನೂನು ಮಾಡಿತು. 1973ರಲ್ಲಿ ಮಿಶಿಗನ್ನಿನಲ್ಲಿ ಆರು ಆಟಗಳಲ್ಲಿ ಮಹಿಳಾ ತಂಡಗಳು ಹುಟ್ಟಿದುದು ಕಾನೂನಿನ ಬಲದಿಂದ, ನಿರ್ದೇಶಕರ ಉತ್ಸಾಹದಿಂದಲ್ಲ.

1988ರಲ್ಲಿ ಎಪ್ಪತ್ತರ ವಯಸ್ಸಿಗೆ ಕ್ಯಾನಮ್ ನಿವೃತ್ತರಾದರು. ಗೊಂದಲ ಪ್ರಾರಂಭವಾದುದು ಅಲ್ಲಿಂದಲೇ. ಅವರ ಜಾಗಕ್ಕೆ ಜನರ ಬಾಯಲ್ಲಿದ್ದ ಹೆಸರು ಫುಟ್ಬಾಲ್ ತರಬೇತುದಾರ ಬೊ ಶೆಂಬೆಕ್ಲರರದು. ಆಡಿಸುವವನೂ ಆಡಳಿತಗಾರನೂ ಒಬ್ಬನೇ ಆಗಬಹುದೆ ಎಂಬ ಚರ್ಚೆ ಎದ್ದಿತು. ಕೊನೆಗೆ ಎರಡೂ ಹುದ್ದೆಗಳನ್ನು ಅವರಿಗೇ ಕೊಟ್ಟು, ಲೆಕ್ಕಪತ್ರ ನೋಡಿಕೊಳ್ಳಲು ಜ್ಯಾಕ್ ವೈಡನ್‌ಬಾಕ್ ಎಂಬ ಆಡಳಿತಗಾರರನ್ನು ಜೊತೆಗೆ ಇಟ್ಟರು. 1989ರಲ್ಲಿ ಬಾಸ್ಕೆಟ್‌ಬಾಲ್ ತರಬೇತುದಾರನು ಇನ್ನೊಂದು ವಿಶ್ವವಿದ್ಯಾಲಯದ ಕೆಲಸವನ್ನು ಒಪ್ಪಿಕೊಂಡಿದ್ದಾನೆಂದು ರಾಷ್ಟ್ರೀಯ ಪಂದ್ಯಾವಳಿಯ ಹೊಸ್ತಿಲಲ್ಲಿ ತಿಳಿದಾಗ, ಶೆಂಬೆಕ್ಲರರು ಅವನನ್ನು ಕೂಡಲೆ ಬಿಡುಗಡೆ ಮಾಡಿ, ಮಿಶಿಗನ್ನಿನವನೇ ಮಿಶಿಗನ್ನಿನ ತಂಡವನ್ನು ನಡೆಸತಕ್ಕದ್ದೆಂದು ಸಾರಿದರು. ಸಹಾಯಕನಾಗಿದ್ದ ಸ್ಟೀವ್ ಫಿಶರ್ ತಂಡವನ್ನು ವಹಿಸಿಕೊಂಡು ಆ ವರ್ಷದ ಚಾಂಪಿಯನ್ ಪಟ್ಟವನ್ನು ಗೆದ್ದೇಬಿಟ್ಟ. ಈ ಒಂದು ಗೆಲುವಿನಿಂದ 'ನಮ್ಮವನೇ ಆಗಬೇಕು' ಎಂಬ ಮಾತು ಅಲ್ಲಿ ಮಂತ್ರವಾಗಿ ನಿಂತಿತು. ಆದರೆ ಆ ಮಾತನ್ನಾಡಿದವರೇ 1990ರಲ್ಲಿ ಡೆಟ್ರಾಯಿಟ್ ನಗರದ ಒಂದು ವೃತ್ತಿಪರ ಬೇಸ್‌ಬಾಲ್ ತಂಡದ ಅಧ್ಯಕ್ಷರಾಗಿ ಹೊರಟುಹೋದರು. ಮಂತ್ರ ಉಳಿಯಿತು, ಅದನ್ನು ಹೇಳಿದವರು ಉಳಿಯಲಿಲ್ಲ.

ಅಲ್ಲಿಂದ ಮುಂದೆ ವೈಡನ್‌ಬಾಕ್, ಜೋ ರಾಬರ್ಸನ್, ಟಾಮ್ ಗಾಸ್ ಎಂದು ಹತ್ತು ವರ್ಷಗಳಲ್ಲಿ ಮೂವರು ಬಂದು ಹೋದರು. ಗಾಸ್ ಅವರು 2000ದಲ್ಲಿ ಬಿಟ್ಟಾಗ ವಿಭಾಗದ ಖರ್ಚು ಆದಾಯವನ್ನು ಮೀರಿತ್ತು. ಆ ಕೊರತೆಯನ್ನು ತುಂಬಲು ಆ್ಯನ್ ಆರ್ಬರಿನ ಬಿಲ್ ಮಾರ್ಟಿನ್ ಎಂಬ ವ್ಯಾಪಾರಿಯನ್ನು ಮೊದಲು ತಾತ್ಕಾಲಿಕವಾಗಿ, ಆಮೇಲೆ ಪೂರ್ಣವಾಗಿ ನೇಮಿಸಿದರು. ಕಟ್ಟಡ ಕಟ್ಟುವ ಉದ್ಯಮದಲ್ಲಿ ನುರಿತವರು. ಹಾಯಿದೋಣಿ ಪಂದ್ಯಗಳ ಸಂಘವನ್ನು ರಾಷ್ಟ್ರಮಟ್ಟದಲ್ಲಿ ನಡೆಸಿದವರು. ಅವರು ಕೊರತೆಯನ್ನು ನೀಗಿಸಿದರು. 22 ಕೋಟಿ 60 ಲಕ್ಷ ಡಾಲರುಗಳ ವೆಚ್ಚದಲ್ಲಿ ಯೋಸ್ಟರ ಕ್ರೀಡಾಂಗಣವನ್ನು ನವೀಕರಿಸುವ ಕೆಲಸಕ್ಕೆ ಕೈಯಿಕ್ಕಿ 2010ರ ವೇಳೆಗೆ ಮುಗಿಸಿದರು. ಆದರೆ 2007ರ ಕೊನೆಯಲ್ಲಿ ಫುಟ್ಬಾಲಿಗೆ ಹೊಸ ತರಬೇತುದಾರನನ್ನು ಹುಡುಕಬೇಕಾಗಿ ಬಂದಾಗ ಅವರ ಕೈ ಅಷ್ಟು ಸಲೀಸಾಗಿ ಓಡಲಿಲ್ಲ. ಹೊರಗಿನಿಂದ ಬಂದ ರಿಚ್ ರಾಡ್ರಿಗಸ್ ಮೊದಲ ವರ್ಷ ಹನ್ನೆರಡು ಪಂದ್ಯಗಳಲ್ಲಿ ಒಂಬತ್ತನ್ನು ಸೋತರು. 2009ರಲ್ಲಿ ಅಭ್ಯಾಸದ ಹೊತ್ತು ನಿಯಮ ಮೀರಿದೆಯೆಂಬ ದೂರು ಪತ್ರಿಕೆಗಳಲ್ಲಿ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಮಾರ್ಟಿನ್ ತಮ್ಮ ನಿವೃತ್ತಿಯನ್ನು ಸಾರಿದರು.

ಅಂತಹ ಪೀಠ ತೆರವಾದಾಗ ಅಲ್ಲಿ ನಡೆಯುವ ಕ್ರಮ ಹೀಗಿರುತ್ತದೆ. ವಿಶ್ವವಿದ್ಯಾಲಯದ ಅಧ್ಯಕ್ಷರು ಒಂದು ಸಲಹಾ ಸಮಿತಿಯನ್ನು ನೇಮಿಸುತ್ತಾರೆ. ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ಕೆಲವೆಡೆ ವಿದ್ಯಾರ್ಥಿ ಕ್ರೀಡಾಪಟುಗಳು ಅದರಲ್ಲಿರುತ್ತಾರೆ. ಅನೇಕ ವೇಳೆ ಇದಕ್ಕೆಂದೇ ಇರುವ ಸಂಸ್ಥೆಗೆ ಶುಲ್ಕ ಕೊಟ್ಟು ಅಭ್ಯರ್ಥಿಗಳನ್ನು ಹುಡುಕಿಸುತ್ತಾರೆ. ತಕ್ಕ ವ್ಯಕ್ತಿ ಇನ್ನೆಲ್ಲಿಯೋ ಅದೇ ಹುದ್ದೆಯಲ್ಲಿರುವವನು. ತನ್ನ ಹೆಸರು ಹೊರಬಿದ್ದರೆ ಅವನಿಗೆ ಅಲ್ಲಿಯೂ ಇರಲಾಗದು, ಇಲ್ಲಿಯೂ ಬರಲಾಗದು. ಆದ್ದರಿಂದ ಮಾತುಕತೆ ಗುಟ್ಟಾಗಿ ನಡೆಯುತ್ತದೆ. ಸಾರ್ವಜನಿಕ ವಿಶ್ವವಿದ್ಯಾಲಯವಾದುದರಿಂದ ತಮಗೆ ತಿಳಿಯಬೇಕೆಂದು ಪತ್ರಿಕೆಯವರು ಪಟ್ಟುಹಿಡಿಯುತ್ತಾರೆ. ಮಿಶಿಗನ್ನಿನಲ್ಲಿ ರಾಜ್ಯದ ಮತದಾರರೇ ಎಂಟು ವರ್ಷಕ್ಕೆ ಆರಿಸುವ ಎಂಟು ಮಂದಿ ರೀಜೆಂಟರು ವಿಶ್ವವಿದ್ಯಾಲಯದ ಮೇಲಾಡಳಿತ ನಡೆಸುತ್ತಾರೆ. ಅಧ್ಯಕ್ಷರು ಆರಿಸಿದ ಹೆಸರಿಗೆ ಅವರ ಒಪ್ಪಿಗೆಯೂ ಬೇಕು.

2010ರ ಜನವರಿಯಲ್ಲಿ ಡೇವಿಡ್ ಬ್ರ್ಯಾಂಡನ್ ಅವರ ಹೆಸರು ಹೊರಬಿತ್ತು. ಕಾಗದದ ಮೇಲೆ ನೋಡಿದರೆ ಇವರಿಗಿಂತ ತಕ್ಕವರು ಸಿಕ್ಕುವಂತಿರಲಿಲ್ಲ. ಶೆಂಬೆಕ್ಲರರ ಕೈಕೆಳಗೆ ಆಡಿದವರು, ಒಮ್ಮೆ ರೀಜೆಂಟರೂ ಆಗಿದ್ದವರು, ಡಾಮಿನೋಸ್ ಎಂಬ ದೊಡ್ಡ ತಿಂಡಿ ಕಂಪನಿಯನ್ನು ಹನ್ನೊಂದು ವರ್ಷ ನಡೆಸಿದವರು. ಒಳಗಿನವರು ಹೌದು, ಹೊರಗಿನ ವ್ಯವಹಾರ ಬಲ್ಲವರೂ ಹೌದು. ಮೊದಲಿಗೆ ಎಲ್ಲವೂ ಚೆನ್ನಾಗಿಯೇ ನಡೆಯಿತು. 2011ರ ಸೆಪ್ಟೆಂಬರಿನಲ್ಲಿ ಕ್ರೀಡಾಂಗಣದಲ್ಲಿ ಮೊದಲ ಬಾರಿಗೆ ದೀಪದ ಬೆಳಕಿನಲ್ಲಿ ರಾತ್ರಿ ಪಂದ್ಯ ನಡೆದಾಗ 1,14,804 ಜನ ಸೇರಿದರು. ಆದರೆ ಕಾಲಕ್ರಮದಲ್ಲಿ ವಿದ್ಯಾರ್ಥಿಗಳ ಟಿಕೇಟಿನ ದರ ಏರಿತು. ಅವರು ಕೂರುತ್ತಿದ್ದ ಕ್ರಮ ಬದಲಾಯಿತು. ಎಲ್ಲೆಲ್ಲೂ ಜಾಹೀರಾತಿನ ಗದ್ದಲ ಹೆಚ್ಚಿತು. ತಂಡವೂ ಸೋಲತೊಡಗಿತು. ತಲೆತಲಾಂತರದಿಂದ ಬರುತ್ತಿದ್ದವರಿಗೆ ತಾವು ಮನೆಯವರಲ್ಲ, ಗಿರಾಕಿಗಳು ಎಂಬ ಭಾವನೆ ಬಂದಿತು. 2014ರ ಸೆಪ್ಟೆಂಬರ್ 27ರಂದು ತಲೆಗೆ ಪೆಟ್ಟಾಗಿ ತೂರಾಡುತ್ತಿದ್ದ ಆಟಗಾರನೊಬ್ಬನನ್ನು ಮತ್ತೆ ಮೈದಾನಕ್ಕೆ ಕಳುಹಿಸಿದುದು ಲಕ್ಷ ಜನರ ಕಣ್ಣಿಗೆ ಬಿತ್ತು. ವಿದ್ಯಾರ್ಥಿಗಳು ಸಹಿ ಸಂಗ್ರಹಿಸಿ, ಅಧ್ಯಕ್ಷರ ಮನೆಯ ಮುಂದೆ ನೆರೆದರು. ಅಕ್ಟೋಬರ್ 31ರಂದು ಬ್ರ್ಯಾಂಡನ್ ರಾಜೀನಾಮೆಯಿತ್ತರು.

ಮಹನೀಯರೆ, ಈ ಪ್ರಸಂಗವನ್ನು ನಾವು ಯಾರನ್ನೂ ಹಳಿಯಲು ಹೇಳುತ್ತಿಲ್ಲ. ಬ್ರ್ಯಾಂಡನ್ನರ ಸಾಮರ್ಥ್ಯದಲ್ಲಿ ಕೊರತೆಯಿರಲಿಲ್ಲ. ಅವರನ್ನು ಆರಿಸುವಾಗ, ಇವರು ಯಾರು, ಎಲ್ಲಿಯವರು, ಏನೇನು ಸಾಧಿಸಿದ್ದಾರೆ ಎಂಬುದಕ್ಕೆಲ್ಲ ಒಳ್ಳೆಯ ಉತ್ತರವಿತ್ತು. ಈ ಪೀಠ ಇರುವುದು ಯಾರಿಗಾಗಿ ಎಂಬ ಪ್ರಶ್ನೆಗೆ ಮಾತ್ರ ನಾಲ್ಕು ವರ್ಷಗಳ ಮೇಲೆ ವಿದ್ಯಾರ್ಥಿಗಳೇ ಬೀದಿಗೆ ಬಂದು ಉತ್ತರ ಹೇಳಬೇಕಾಯಿತು.

ಆಮೇಲಿನ ಕತೆಯನ್ನು ಬೇಗ ಮುಗಿಸುತ್ತೇವೆ. ಜಿಮ್ ಹ್ಯಾಕೆಟ್ ಎಂಬ ಇನ್ನೊಬ್ಬ ಹಳೆಯ ಆಟಗಾರ, ಪೀಠೋಪಕರಣ ತಯಾರಿಸುವ ದೊಡ್ಡ ಕಂಪನಿಯೊಂದರಿಂದ ನಿವೃತ್ತರಾಗಿದ್ದವರು, ತಾತ್ಕಾಲಿಕವಾಗಿ ಬಂದರು. ಅವರೂ ಉದ್ಯಮಿಯೇ, ಅವರೂ 'ನಮ್ಮವರೇ'. ಆದರೆ ಅವರು ಕಿವಿಗೊಟ್ಟು ಕೇಳಿದರು. 2014ರ ಡಿಸೆಂಬರಿನಲ್ಲಿ ಜಿಮ್ ಹಾರ್ಬಾ ಅವರನ್ನು ತರಬೇತುದಾರರಾಗಿ ಕರೆತಂದರು. 2016ರ ಜನವರಿಯಲ್ಲಿ ವಾರ್ಡ್ ಮ್ಯಾನುಯಲ್ ಅವರ ನೇಮಕವಾಯಿತು. ಇವರು ಮಿಶಿಗನ್ನಿನಲ್ಲಿ ಆಡಿ, ಪೆಟ್ಟಾಗಿ ಆಟ ಬಿಟ್ಟು, ಅಲ್ಲಿಯೇ ಓದು ಮುಂದುವರಿಸಿ ಪದವಿಗಳನ್ನು ಪಡೆದವರು. ಮೊದಲು ಬಫೆಲೊ, ಆಮೇಲೆ ಕನೆಕ್ಟಿಕಟ್ ವಿಶ್ವವಿದ್ಯಾಲಯಗಳಲ್ಲಿ ಅದೇ ಹುದ್ದೆಯನ್ನು ನಿರ್ವಹಿಸಿ ಪಳಗಿ ಬಂದವರು. 2024ರ ಜನವರಿಯಲ್ಲಿ ಆ ವಿಶ್ವವಿದ್ಯಾಲಯದ ತಂಡ ರಾಷ್ಟ್ರದ ಚಾಂಪಿಯನ್ ಆಯಿತು. ಎದುರಾಳಿಗಳ ಸಂಕೇತಗಳನ್ನು ಕದ್ದುನೋಡಿದ ಪ್ರಕರಣಕ್ಕಾಗಿ 2025ರ ಆಗಸ್ಟಿನಲ್ಲಿ ಭಾರಿ ದಂಡವನ್ನೂ ಅದೇ ವಿಶ್ವವಿದ್ಯಾಲಯ ಹೊರಬೇಕಾಯಿತು. ಗೆಲುವೊಂದೇ ಅಳತೆಗೋಲಾದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕಾದುದಿಲ್ಲ.

ಇತರ ಕಡೆಗಳ ಎರಡು ಪ್ರಸಂಗಗಳನ್ನು ಇದರ ಪಕ್ಕಕ್ಕಿಟ್ಟು ನೋಡೋಣ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಡಿಲಾಸ್ ಡಾಡ್ಸ್ ಎಂಬವರು 1981ರಿಂದ 2013ರವರೆಗೆ ನಿರ್ದೇಶಕರಾಗಿದ್ದು ನಿವೃತ್ತರಾದರು. ಅವರ ಜಾಗಕ್ಕೆ ಹೊರಗಿನಿಂದ ಬಂದ ಸ್ಟೀವ್ ಪ್ಯಾಟರ್ಸನ್ ಎರಡು ವರ್ಷ ತುಂಬುವ ಮೊದಲೇ, 2015ರ ಸೆಪ್ಟೆಂಬರಿನಲ್ಲಿ, ಹುದ್ದೆ ಕಳೆದುಕೊಂಡರು. ಆ ಗಾಯವನ್ನು ಮಾಯಿಸಲು ಹಳೆಯ ಆಟಗಾರರಾದ ಮೈಕ್ ಪೆರಿನ್ ಎಂಬ ವಕೀಲರನ್ನು ಕರೆಯಬೇಕಾಯಿತು. ನೋತ್ರ ದಾಮ್ ವಿಶ್ವವಿದ್ಯಾಲಯದವರು ಬೇರೆ ಹಾದಿ ಹಿಡಿದರು. 2008ರಿಂದ ನಿರ್ದೇಶಕರಾಗಿದ್ದ ಜ್ಯಾಕ್ ಸ್ವಾರ್ಬ್ರಿಕ್ ತಾವು ಮರುವರ್ಷ ಬಿಡುವುದಾಗಿ 2023ರ ಜೂನಿನಲ್ಲಿ ಹೇಳಿದಾಗಲೇ ಅವರ ಸ್ಥಾನಕ್ಕೆ ಪೀಟ್ ಬೆವಾಕ್ವಾ ಬರುವರೆಂದೂ ಸಾರಿದರು. ಬರಲಿರುವವರು ಕೆಲವು ತಿಂಗಳು ಇರುವವರ ಪಕ್ಕದಲ್ಲಿ ಕುಳಿತು ಕೆಲಸ ಕಲಿತು, 2024ರಲ್ಲಿ ಪೀಠವನ್ನು ವಹಿಸಿಕೊಂಡರು. ಕ್ರೈಸ್ಲರರ ಹಳೆಯ ಹಾದಿಯೇ ಇದು. ಬಹಿರಂಗವಾದ ಶೋಧವಿಲ್ಲದೆ ಮಾಡಿದರೆಂಬ ಆಕ್ಷೇಪಣೆ ಇದಕ್ಕೆ ಇಲ್ಲದಿಲ್ಲ. ಆದರೆ ದೀಪದಿಂದ ದೀಪ ಹಚ್ಚುವಾಗ ಹಳೆಯ ದೀಪ ಉರಿಯುತ್ತಿರುವಾಗಲೇ ಹಚ್ಚಬೇಕಷ್ಟೆ.

ಇವೆಲ್ಲವುಗಳಿಂದ ನಾವು ತಿಳಿಯತಕ್ಕ ಸಂಗತಿಗಳು ಮೂರು. ಒಳಗಿನವನೋ ಹೊರಗಿನವನೋ ಎಂಬ ಜಗಳ ಬಹುಮಟ್ಟಿಗೆ ಪೊಳ್ಳು. ಹಿತ್ತಲ ಗಿಡ ಮದ್ದಲ್ಲ ಎನ್ನುವವರೂ ನಮ್ಮಲ್ಲಿದ್ದಾರೆ. ಅಜ್ಜ ನೆಟ್ಟ ಆಲದ ಮರಕ್ಕೇ ನೇಣು ಹಾಕಿಕೊಳ್ಳುವವರೂ ಇದ್ದಾರೆ. ಕ್ರೈಸ್ಲರರು ಹೊರಗಿನಿಂದ ಬಂದು ಮನೆಯವರಾದರು. ಬ್ರ್ಯಾಂಡನ್ನರು ಮನೆಯವರಾಗಿದ್ದೂ ಮನೆಯವರಿಗೆ ಹೊರಗಿನವರಾದರು. ಇದು ಮೊದಲನೆಯದು. ಎರಡನೆಯದು, ಹುಡುಕುವ ಕೆಲಸ ಪೀಠ ತೆರವಾದ ಮೇಲೆ ಪ್ರಾರಂಭವಾದರೆ ತಡವಾದಂತೆಯೇ. ಪೀಠದಲ್ಲಿರುವವರು ತಮ್ಮ ಉತ್ತರಾಧಿಕಾರಿಗಳನ್ನು ಹತ್ತು ವರ್ಷ ಮೊದಲೇ ಪಳಗಿಸತೊಡಗಬೇಕು, ಒಬ್ಬರನ್ನಲ್ಲ, ಮೂವರನ್ನಾದರೂ. ಮೂರನೆಯದು, ಆರಿಸುವವರ ಸಾಲಿನಲ್ಲಿ, ಆರಿಸಲ್ಪಟ್ಟವನಿಂದ ಯಾರ ಬಾಳು ಹಸನಾಗಬೇಕೋ ಅಥವಾ ಹಾಳಾಗಬಹುದೋ ಅವರೂ ಕುಳಿತಿರಬೇಕು. ಕ್ರೀಡೆಯ ವಿಷಯದಲ್ಲಿ ಅವರೆಂದರೆ ವಿದ್ಯಾರ್ಥಿಗಳು.

ಈ ಮೂರನೆಯ ಮಾತು ಇಂದು ಅಮೆರಿಕದಲ್ಲಿ ಇನ್ನೂ ಗಂಭೀರವಾಗಿದೆ. 2025ರ ಜೂನಿನಲ್ಲಿ ಅಲ್ಲಿನ ನ್ಯಾಯಾಲಯವೊಂದು ಒಪ್ಪಿಗೆ ಕೊಟ್ಟ ರಾಜಿಯ ಪ್ರಕಾರ, ವಿಶ್ವವಿದ್ಯಾಲಯಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಅದರ ಮಿತಿ ಒಂದೊಂದು ವಿಶ್ವವಿದ್ಯಾಲಯಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರು. ಬೆವರು ಸುರಿಸಿದವನಿಗೆ ಗಳಿಕೆಯಲ್ಲಿ ಪಾಲು ಸಿಕ್ಕುವುದು ನ್ಯಾಯವೇ. ಆದರೆ ಆ ಹಣ ಎಲ್ಲಿಂದ ಬರಬೇಕು? ಫುಟ್ಬಾಲಿನ ಗಳಿಕೆಯಿಂದ ಬದುಕುತ್ತಿದ್ದ ಈಜುಗಾರನ, ಕುಸ್ತಿಪಟುವಿನ, ಓಟಗಾರ್ತಿಯ ಗತಿಯೇನು? ಇನ್ನು ಮುಂದೆ ಆ ಪೀಠಕ್ಕೆ ಬರುವವರ ಮೇಜಿನ ಮೇಲೆ ಮೊದಲ ದಿನವೇ ಈ ಲೆಕ್ಕ ಬಿದ್ದಿರುತ್ತದೆ. ಆಗ ಅವರು ಗಳಿಸದ ಆಟಗಳನ್ನು ಕತ್ತರಿಸುವರೋ, ಹಂಚಿಕೊಂಡು ಉಳಿಸುವರೋ ಎಂಬುದು ಅವರನ್ನು ಆರಿಸುವ ಹೊತ್ತಿನಲ್ಲಿಯೇ ಕೇಳಬೇಕಾದ ಪ್ರಶ್ನೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ನಮ್ಮಲ್ಲಿ ಲಕ್ಷ ಜನ ಕೂರುವ ಕ್ರೀಡಾಂಗಣವಿಲ್ಲ, ಕೋಟಿ ಡಾಲರುಗಳ ಲೆಕ್ಕವಿಲ್ಲ. ನಮ್ಮದು ಗೇರುಮರಗಳ ನಡುವಣ ಮುರಕಲ್ಲಿನ ಮೈದಾನ. ಮಳೆಗಾಲದಲ್ಲಿ ಅದೂ ಇಲ್ಲ. ಆದರೆ ಪೀಠ ತೆರವಾಗುವುದು ನಮ್ಮಲ್ಲಿಯೂ ಉಂಟು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಕಾಸರಗೋಡು ಗೆರೆಯ ಆಚೆಗೆ ಉಳಿಯಿತು. ಅಂದಿನಿಂದ ಇಲ್ಲಿನ ಕನ್ನಡ ಶಾಲೆಗಳಲ್ಲಿ ಒಬ್ಬೊಬ್ಬ ಮಾಸ್ತರರು ನಿವೃತ್ತರಾದಾಗಲೂ, ಆ ಜಾಗಕ್ಕೆ ಕನ್ನಡ ಬಲ್ಲವರು ಬರುವರೆ ಎಂಬ ಆತಂಕ ತಂದೆತಾಯಿಗಳನ್ನು ಕಾಡುತ್ತಲೇ ಇದೆ. ಗಣಿತ, ವಿಜ್ಞಾನಗಳ ಮಾಸ್ತರರ ವಿಷಯದಲ್ಲಿ ನಾವು ಮನವಿ ಕೊಡುತ್ತೇವೆ, ಸಭೆ ಸೇರುತ್ತೇವೆ. ಆಟದ ಮಾಸ್ತರರ ವಿಷಯದಲ್ಲಿ ಸುಮ್ಮನಾಗಿಬಿಡುತ್ತೇವೆ. ಓಡುವುದಕ್ಕೆ, ಜಿಗಿಯುವುದಕ್ಕೆ ಭಾಷೆ ಏತಕ್ಕೆ ಎಂದು ನಮ್ಮವರೇ ಕೇಳುವುದುಂಟು.

ಏತಕ್ಕೆಂದರೆ, ಬಿದ್ದು ಮೊಣಕಾಲು ತರಚಿದ ಹುಡುಗಿ ಎಲ್ಲಿ ನೋಯುತ್ತದೆಂದು ಹೇಳುವುದು ತನ್ನ ಮಾತಿನಲ್ಲಿ. ತಂಡದಿಂದ ಹೊರಗುಳಿದ ಹುಡುಗ ತನ್ನ ದುಃಖವನ್ನು ತೋಡಿಕೊಳ್ಳುವುದು ತನ್ನ ಮಾತಿನಲ್ಲಿ. ತರಗತಿಯಲ್ಲಿ ಬಾಯಿ ಬಿಡದ ಮಗು ಮೊದಲು ಬಾಯಿ ಬಿಡುವುದು ಮೈದಾನದಲ್ಲಿಯೇ. ಅಲ್ಲಿ ನಿಂತವರಿಗೆ ಆ ಮಾತು ತಿಳಿಯದಿದ್ದರೆ ಮಗುವಿನ ಬಾಯಿ ಮತ್ತೆ ಮುಚ್ಚುತ್ತದೆ. ಮಲಯಾಳ ನಮ್ಮ ನೆರೆಯ ನುಡಿ; ಅದನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ನಾವು ಕೇಳುವುದು ಯಾರನ್ನೂ ದೂರವಿಡುವುದಕ್ಕಲ್ಲ. ಬರುವವರು ಯಾರೇ ಆಗಲಿ, ಅವರು ಯಾರ ಮುಂದೆ ನಿಲ್ಲುವರೋ ಆ ಮಕ್ಕಳ ಮಾತನ್ನು ಬಲ್ಲವರಾಗಿರಲಿ ಎಂಬುದಷ್ಟೇ ನಮ್ಮ ಬೇಡಿಕೆ. ನಿಯಮದ ಹೊತ್ತಗೆಯನ್ನು ನೋಡುವವರು ಹುದ್ದೆ ತುಂಬಿತು ಎಂದು ಬರೆದುಕೊಳ್ಳುತ್ತಾರೆ. ಹುದ್ದೆ ತುಂಬುವುದು ಬೇರೆ, ಮೈದಾನ ತುಂಬುವುದು ಬೇರೆ.

ಸಂಘದ ವಿಷಯವನ್ನೂ ಮರೆಯಲಾಗದು. ಗಡಿನಾಡಿನ ಕನ್ನಡ ಸಂಘಗಳಲ್ಲಿ, ವಾಚನಾಲಯಗಳಲ್ಲಿ, ಯಕ್ಷಗಾನ ಮಂಡಳಿಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಒಬ್ಬರೇ ಕಾರ್ಯದರ್ಶಿಗಳಾಗಿ ತೇಯ್ದ ಮಹನೀಯರನ್ನು ನಾವೆಲ್ಲ ಬಲ್ಲೆವು. ಅವರ ತ್ಯಾಗ ದೊಡ್ಡದು. ಆದರೆ ಅವರು ಹೋದ ಮರುವರ್ಷವೇ ಬಾಗಿಲಿಗೆ ಬೀಗ ಬಿದ್ದ ವಾಚನಾಲಯಗಳೂ ಇವೆ. ಲೆಕ್ಕದ ಪುಸ್ತಕ ಎಲ್ಲಿದೆ, ದಾನಿಗಳು ಯಾರು, ಯಾವ ಕಚೇರಿಯಲ್ಲಿ ಯಾರನ್ನು ಕಾಣಬೇಕು ಎಂಬುದೆಲ್ಲ ಅವರ ತಲೆಯಲ್ಲಿಯೇ ಉಳಿದು ಅವರೊಡನೆಯೇ ಹೋಯಿತು. ಯೋಸ್ಟರು ತಮ್ಮ ಕಾಲದ 72,000 ಜನರಿಗೆ ಕಟ್ಟಿದರೂ ಲಕ್ಷ ಜನರ ಭಾರ ಹೊರುವ ಅಡಿಪಾಯ ಹಾಕಿದರೆಂದು ಹೇಳಿದೆವಷ್ಟೆ. ನಮ್ಮ ಹಿರಿಯರಲ್ಲಿ ನಮ್ಮ ಬಿನ್ನಹ ಅದೇ. ತಾವು ಪೀಠದಲ್ಲಿರುವಾಗಲೇ ಇಬ್ಬರು ಕಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಅವರಲ್ಲಿ ಒಬ್ಬಳು ಹುಡುಗಿಯಾಗಿರಲಿ. ಅವರ ಕೈಗೆ ಬೀಗದ ಕೈಗೊಂಚಲನ್ನು ಆಗಾಗ ಕೊಡಿರಿ. ಅವರು ಒಂದೆರಡು ಸಲ ತಪ್ಪಿದರೂ ಸಹಿಸಿಕೊಳ್ಳಿರಿ. ಕಿರಿಯರಲ್ಲಿ ನಮ್ಮ ವಿಜ್ಞಾಪನೆ: ಪೀಠಕ್ಕಾಗಿ ಕಾಯಬೇಡಿರಿ, ಕೆಲಸಕ್ಕಾಗಿ ಬನ್ನಿರಿ. ಸುಣ್ಣದ ಗೆರೆ ಎಳೆಯಲು ಬಂದವನಿಗೇ ಮುಂದೆ ಮೈದಾನದ ಹೊಣೆ ಬರುವುದು.

ಇಂದು ಪದಕ ಪಡೆಯುವ ಮಕ್ಕಳನ್ನು ಅಭಿನಂದಿಸುತ್ತ, ಅವರನ್ನು ಇಲ್ಲಿಯವರೆಗೆ ಕರೆತಂದು ಈ ವರ್ಷವೋ ಮುಂದಿನ ವರ್ಷವೋ ನಿವೃತ್ತರಾಗಲಿರುವ ಆಟದ ಮಾಸ್ತರರಿಗೆಲ್ಲ ಸಂಘದ ಪರವಾಗಿ ವಂದನೆಗಳನ್ನು ಸಲ್ಲಿಸುತ್ತೇವೆ. ಅವರ ಜಾಗಕ್ಕೆ ಯಾರು ಬರುವರೆಂದು ಇಂದಿನಿಂದಲೇ ಕೇಳತೊಡಗುವುದು ನಮ್ಮ ಕರ್ತವ್ಯ. ಶಾಲೆಯ ರಕ್ಷಕ ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿಯೇ ಈ ಮಾತನ್ನೆತ್ತಿ, ಬರಹದಲ್ಲಿ ಮನವಿ ಸಲ್ಲಿಸಬೇಕೆಂದು ಇಲ್ಲಿ ಕೂಡಿರುವ ತಂದೆತಾಯಿಗಳನ್ನು ಪ್ರಾರ್ಥಿಸುತ್ತೇವೆ.